ಬ್ಲ್ಯಾಕ್ ಫಂಗಸ್‌ನಿಂದ ಬದುಕಿ ಉಳಿದವರೂ ಇದ್ದೇವೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ಕೋವಿಡ್ ಮುಗಿದ ಕಥೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮುಗಿದಿಲ್ಲ. 2021ರ ಎರಡನೇ ಅಲೆಯಲ್ಲಿ ನಮ್ಮ ಯಜಮಾನರಿಗೆ ಕೋವಿಡ್ ಬಂತು, ಸ್ಟೀರಾಯ್ಡ್ ಕೊಟ್ಟರು, ಮೊದಲೇ ಇದ್ದ ಶುಗರ್ ಏರಿತು, ವಾಸಿಯಾಗಿ ಮನೆಗೆ ಬಂದರು ಅನ್ನುವಷ್ಟರಲ್ಲಿ ಕೆನ್ನೆ ಊದಿಕೊಂಡು ಹಲ್ಲು ಅಲ್ಲಾಡತೊಡಗಿದವು. ಬ್ಲ್ಯಾಕ್ ಫಂಗಸ್. ಎಡಗಣ್ಣು, ಮೇಲ್ದವಡೆಯ ಅರ್ಧ ಭಾಗ ತೆಗೆದು ಜೀವ ಉಳಿಸಿದರು. ಆಪರೇಷನ್ ಮಾಡಿದ ಡಾಕ್ಟರುಗಳ ಮೇಲೆ ನನ್ನ ದೂರಿಲ್ಲ. ಆ ಫಂಗಸ್ ರಕ್ತನಾಳಕ್ಕೇ ನುಗ್ಗುತ್ತದೆ, ಸತ್ತ ಜಾಗಕ್ಕೆ ಇಂಜೆಕ್ಷನ್ ತಲುಪುವುದಿಲ್ಲ, ಕತ್ತರಿಸಲೇಬೇಕು.

ನನ್ನ ದೂರು ಆಮೇಲಿನದ್ದು.

ಅಂಗುಳಿನಲ್ಲಿ ತೂತಿದೆ ಸರ್. ಅದನ್ನು ಮುಚ್ಚುವ ಪ್ಲೇಟು ಹಾಕದಿದ್ದರೆ ಕುಡಿದ ಗಂಜಿ ಮೂಗಿನಿಂದ ಇಳಿಯುತ್ತದೆ. ಗಾಯ ಮಾಗಿದ ಹಾಗೆ ಜಾಗದ ಆಕಾರ ಬದಲಾಗುತ್ತದೆ, ಪ್ಲೇಟು ಸಡಿಲವಾಗುತ್ತದೆ, ಹೊಸದು ಮಾಡಿಸಬೇಕು. ಪ್ರತಿ ಸಲವೂ ನಮ್ಮದೇ ದುಡ್ಡು. ಅವರು ಟೈಲರ್. ಒಂದೇ ಕಣ್ಣಲ್ಲಿ ದೂರ ಹತ್ತಿರದ ಅಂದಾಜು ಸಿಗದೆ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಾರೆ. ಫೋನಿನಲ್ಲಿ ಅವರ ಮಾತು ಗಿರಾಕಿಗಳಿಗೆ ಅರ್ಥವಾಗುವುದಿಲ್ಲ, ನಾನೇ ಮಾತಾಡುತ್ತೇನೆ.

ಅಂಗವಿಕಲರ ಸರ್ಟಿಫಿಕೇಟ್ ಕೇಳಲು ಹೋದೆವು. ಮೇಜಿನ ಆಚೆ ಕೂತಿದ್ದವರು ಮಾಸ್ಕ್ ತೆಗೆಸಿ, ಮುಖ ನೋಡಿ, 'ಇನ್ನೊಂದು ಕಣ್ಣು ಚೆನ್ನಾಗಿದೆ ಅಲ್ವಾ, 30 ಪರ್ಸೆಂಟ್ ಅಷ್ಟೇ, 40 ಇಲ್ಲದೆ ಏನೂ ಬರಲ್ಲ' ಅಂದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ನಮ್ಮವರು ಮಾಸ್ಕ್ ಮತ್ತೆ ಹಾಕಿಕೊಳ್ಳುವಾಗ ಕೈ ನಡುಗುತ್ತಿತ್ತು. ಊಟ, ಮಾತು, ಮುಖ ಮೂರೂ ಹೋದದ್ದಕ್ಕೆ ಯಾವ ಪರ್ಸೆಂಟೂ ಇಲ್ಲವಾ? ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಲೆಕ್ಕ ದೆಹಲಿಯದ್ದು ಅನ್ನಬಹುದು ನೀವು. ಪ್ಲೇಟು ಮಾಡಿಸಿಕೊಡಲು ದೆಹಲಿ ಬೇಕಾಗಿಲ್ಲ ಸರ್.

ಕೋವಿಡ್‌ನಿಂದ ಸತ್ತವರ ಮನೆಗೆ 50,000 ರೂಪಾಯಿ ಪರಿಹಾರ ಬಂತು. ಬರಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಬದುಕಿದವರ ಗತಿ ಏನು? ನಾವು ಎಷ್ಟು ಜನ ಇದ್ದೇವೆ ಅಂತ ಹುಡುಕಬೇಕಾಗಿಯೂ ಇಲ್ಲ. 2021ರ ಮೇ ತಿಂಗಳಲ್ಲಿ ಪ್ರತಿಯೊಂದು ಬ್ಲ್ಯಾಕ್ ಫಂಗಸ್ ಕೇಸನ್ನೂ ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಆದೇಶವಾಯಿತು. ಹಾಗಾದರೆ ಹೆಸರುಗಳು ನಿಮ್ಮ ಇಲಾಖೆಯಲ್ಲೇ ಇರಬೇಕು. ಆಗ ಈ ಫಂಗಸ್ಸಿಗೆ ಕೊಡುವ ಆಂಫೋಟೆರಿಸಿನ್ ಇಂಜೆಕ್ಷನ್‌ಗಾಗಿ ಅಂಗಡಿ ಅಂಗಡಿ ಅಲೆದ ಮನೆಯವರೇ ಈಗ ಪ್ಲೇಟಿಗಾಗಿ ಸಾಲ ಮಾಡುತ್ತಿದ್ದೇವೆ.

ಕೃತಕ ಕಣ್ಣು, ಅಂಗುಳಿನ ಪ್ಲೇಟು, ಹಲ್ಲಿನ ಸೆಟ್ಟು ಉಚಿತವಾಗಿ ಕೊಡಿ. ಒಂದು ಸಲ ಕೊಟ್ಟು ಕೈತೊಳೆದುಕೊಳ್ಳಬೇಡಿ, ಬದಲಾಯಿಸಬೇಕಾದಾಗಲೆಲ್ಲ ಕೊಡಿ. ಸರ್ಕಾರಿ ಡೆಂಟಲ್ ಕಾಲೇಜುಗಳಲ್ಲಿ ಇದನ್ನು ಮಾಡಬಲ್ಲ ಡಾಕ್ಟರುಗಳಿದ್ದಾರೆ, ಅವರಿಗೆ ಬೇಕಾದ ಹಣ, ಲ್ಯಾಬ್ ಕೊಡಿ. 30 ಪರ್ಸೆಂಟ್ ಅಂತ ವಾಪಸ್ ಕಳಿಸಿದವರ ಫೈಲು ಮತ್ತೆ ತೆಗೆಸಿ, ದವಡೆಯನ್ನೂ ಲೆಕ್ಕಕ್ಕೆ ಸೇರಿಸಿ ಅಂತ ಕೇಂದ್ರಕ್ಕೆ ಬರೆಯಿರಿ. ಪ್ಲೇಟಿನ ಆದೇಶ ಮಾತ್ರ ಅದಕ್ಕೆ ಕಾಯುವುದು ಬೇಡ, ಮೊದಲು ಹೊರಡಿಸಿ.

ಇಂತಿ,
ಒಬ್ಬ ಟೈಲರ್‌ನ ಹೆಂಡತಿ