ಕೈಗೆ ಸಿಕ್ಕ ಸೀಟು

ಪ್ರೀತಿಯ ಗೆಳೆಯಾ,

ಮುಳುಗಿದ ಬಸ್ಸಿನಿಂದ ಜನರನ್ನು ಎಳೆದು ತಂದ ಈಜುಗಾರ ಶವರ್ಶ್ ಕರಪೆಟ್ಯಾನ್ ಬಗ್ಗೆ ಹೇಳಿದಾಗ ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಅಂದೆ: "ಈಜು ಬರೋನು ನೀರಿಗೆ ಹಾರಿದ, ಅದರಲ್ಲೇನು ದೊಡ್ಡದು?" ಅಷ್ಟರಲ್ಲಿ ಲೈನ್ ಕಟ್ಟಾಯಿತು. ಉತ್ತರ ಹೊಟ್ಟೆಯಲ್ಲೇ ಉಳಿದಿದೆ. ಅದಕ್ಕೇ ಈ ಕಾಗದ.

ತೋಟದ ಬಾವಿಯಲ್ಲಿ ನಾವು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತದ್ದು ನೆನಪಿದೆಯಲ್ಲ? ನೀನು ತಳ ಮುಟ್ಟಿ, ಒಂದು ಹಿಡಿ ಕೆಸರು ತಂದು ತೋರಿಸುತ್ತಿದ್ದೆ. ನನಗೆ ಅರ್ಧ ದಾರಿಗೇ ಕಿವಿ ಗುಂಯ್ ಅನ್ನುತ್ತಿತ್ತು. ಆ ತಳದ ಕತ್ತಲೆ ನಿನಗೆ ಗೊತ್ತು. ಈಗ ಯೋಚಿಸು.

1976ರ ಸೆಪ್ಟೆಂಬರ್ 16. ಆಗಿನ ಸೋವಿಯತ್ ಆರ್ಮೇನಿಯಾದ ಯೆರೆವಾನ್. ಶವರ್ಶ್ ಕರಪೆಟ್ಯಾನ್‌ಗೆ 23 ವರ್ಷ. ಕಾಲಿಗೆ ಮೀನಿನ ಬಾಲದಂಥದ್ದು ತೊಟ್ಟು ಈಜುವ ಆಟ ಇದೆಯಲ್ಲ, ಫಿನ್ ಸ್ವಿಮ್ಮಿಂಗ್, ಅದರಲ್ಲಿ ವಿಶ್ವ ಚಾಂಪಿಯನ್. ಅವತ್ತು ತಮ್ಮ ಕಾಮೊ ಜೊತೆ ಕೆರೆ ದಂಡೆಯಲ್ಲಿ 20 ಕಿಲೋಮೀಟರ್ ಓಡಿ ಸುಸ್ತಾಗಿದ್ದ. ಆಗಲೇ ಜನ ತುಂಬಿದ ಟ್ರಾಲಿಬಸ್ಸೊಂದು, ಅಂದರೆ ಮೇಲಿನ ತಂತಿಯ ಕರೆಂಟಿನಲ್ಲಿ ಓಡುವ ಬಸ್ಸು, ಕಟ್ಟೆಯಿಂದ ನೀರಿಗೆ ಉರುಳಿತು. ಒಳಗೆ 92 ಜನ. ದಡದಿಂದ 25 ಮೀಟರ್ ದೂರ, 10 ಮೀಟರ್ ಆಳ. ಅಂದರೆ ಐದಾರು ಆಳು ನೀರು.

ಕೆಸರು ಕದಡಿ ಏನೂ ಕಾಣುತ್ತಿರಲಿಲ್ಲ. ಹಿಂದಿನ ಗಾಜನ್ನು ಕಾಲಲ್ಲೇ ಒದ್ದು ಒಡೆದ. ತಡಕಾಡುವುದು, ಸಿಕ್ಕವರನ್ನು ಎಳೆದು ಮೇಲೆ ತರುವುದು, ತಮ್ಮನ ಕೈಗೆ ಕೊಡುವುದು, ಮತ್ತೆ ಮುಳುಗುವುದು. ಅವನು ತಂದವರಲ್ಲಿ 20 ಜನ ಬದುಕಿದರು.

ಒಂದು ಸಲ ಮೇಲೆ ಬಂದು ನೋಡಿದರೆ ಕೈಯಲ್ಲಿದ್ದದ್ದು ಮನುಷ್ಯ ಅಲ್ಲ, ಬಸ್ಸಿನ ಸೀಟು. ಆ ಒಂದು ಉಸಿರಿನಲ್ಲಿ ಇನ್ನೊಂದು ಜೀವ ತರಬಹುದಿತ್ತಲ್ಲ ಅಂತ ವರ್ಷಗಟ್ಟಲೆ ಕೊರಗಿದ. ಕನಸಿನಲ್ಲೂ ಅದೇ ಸೀಟು ಬರುತ್ತಿತ್ತಂತೆ. 20 ಜನರ ಲೆಕ್ಕ ನಾವು ಇಡುತ್ತೇವೆ. ಅವನ ಲೆಕ್ಕ ಬೇರೆ. ಇದನ್ನು ಓದಿದ ರಾತ್ರಿ ನನಗೂ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಆಮೇಲೆ ನ್ಯುಮೋನಿಯಾ, ರಕ್ತಕ್ಕೆ ನಂಜು, 45 ದಿನ ಆಸ್ಪತ್ರೆ. ಎದ್ದು ಬಂದು ಇನ್ನೊಂದು ವಿಶ್ವದಾಖಲೆ ಮಾಡಿದ ಅನ್ನು, ಆದರೆ ಶ್ವಾಸಕೋಶ ಕೈಕೊಟ್ಟಿತ್ತು. ಈಜು ಅಲ್ಲಿಗೆ ಮುಗಿಯಿತು. ದೇಶಕ್ಕೆಲ್ಲ ವಿಷಯ ಗೊತ್ತಾಗಿದ್ದು 1982ರಲ್ಲಿ, ಪತ್ರಿಕೆಯಲ್ಲಿ ಲೇಖನ ಬಂದಾಗ. ಆರು ವರ್ಷ ಅವನೇನು ಊರೆಲ್ಲ ಹೇಳಿಕೊಂಡು ತಿರುಗಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರೋಣ. 1974ರಲ್ಲಿ ಬೆಟ್ಟದ ರಸ್ತೆಯಲ್ಲಿ ಡ್ರೈವರ್ ಇಳಿದಿದ್ದಾಗ ಬಸ್ಸು ತಾನಾಗಿ ಹಿಂದಕ್ಕೆ ಜಾರತೊಡಗಿತು. ಪಕ್ಕದಲ್ಲಿ ಪ್ರಪಾತ. ಡ್ರೈವರ್ ಕ್ಯಾಬಿನ್ನಿನ ಗಾಜು ಒಡೆದು ಸ್ಟೀರಿಂಗ್ ಬೆಟ್ಟದ ಕಡೆ ತಿರುಗಿಸಿದ್ದು ಇವನೇ. 1985ರಲ್ಲಿ ಯೆರೆವಾನಿನ ಕ್ರೀಡಾ ಸಭಾಂಗಣಕ್ಕೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಜನರನ್ನು ಹೊರತಂದ, ಮೈ ಸುಟ್ಟುಕೊಂಡು ಮತ್ತೆ ಆಸ್ಪತ್ರೆ ಸೇರಿದ. ಎರಡು ಕಡೆಯೂ ನೀರೇ ಇರಲಿಲ್ಲ, ಮಾರಾಯಾ. ಈಜು ಎಲ್ಲಿಂದ ಬಂತು?

ಆಮೇಲೆ ಮಾಸ್ಕೋಗೆ ಹೋಗಿ ಬೂಟಿನ ವ್ಯಾಪಾರ ಹಿಡಿದ. ಕಂಪನಿಯ ಹೆಸರಿನ ಅರ್ಥ 'ಎರಡನೇ ಉಸಿರು'. 2013ರಲ್ಲಿ ಸೋಚಿ ಒಲಿಂಪಿಕ್ಸ್ ಪಂಜು ಹಿಡಿದು ಕ್ರೆಮ್ಲಿನ್‌ನಲ್ಲಿ ಓಡುವಾಗ ಅದು ಆರಿಹೋಯಿತು. ಕಾವಲಿನವನೊಬ್ಬ ಜೇಬಿನ ಲೈಟರ್ ತೆಗೆದು ಹಚ್ಚಿಕೊಟ್ಟ. ವಿಡಿಯೋ ನೋಡು, ನಗು ಬರುತ್ತದೆ.

ದಸರಾಕ್ಕೆ ಊರಿಗೆ ಬಾ. ಈ ವರ್ಷ ಬಾವಿ ತುಂಬಿದೆ. ತಳಕ್ಕೆ ನೀನೇ ಹೋಗು, ನಾನು ಮೆಟ್ಟಿಲ ಮೇಲೆ ಕೂತು ಎಣಿಸುತ್ತೇನೆ.

ಇಂತಿ,
ನಿನ್ನ ಹಳೇ ಬೆಂಡು