ಪಿಲಿಕುಳಕ್ಕೆ ದೋಣಿ ಸಿಮ್ಯುಲೇಟರ್ ಬರಲಿ

ಮಾನ್ಯರೇ,

ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯದ ತ್ರಿಡಿ ಗುಮ್ಮಟದೊಳಗೆ ಕುಳಿತ ಮಕ್ಕಳು, ಗ್ರಹಗಳ ನಡುವೆ ತಾವೇ ಸಾಗುತ್ತಿರುವಂತೆ ಮೈಮರೆಯುತ್ತಾರೆ. ಆದರೂ ಅಲ್ಲಿ ಅವರು ಪ್ರೇಕ್ಷಕರು ಮಾತ್ರ. ವಾಹನವನ್ನು ನಿಜವಾಗಿ ನಡೆಸುವಂಥದ್ದೇ ಅನುಭವ ಕೊಡುವ ಯಂತ್ರವಾದ ಸಿಮ್ಯುಲೇಟರ್‌ನಲ್ಲಾದರೋ ಮಗುವಿನ ನಿರ್ಧಾರಕ್ಕೆ ತಕ್ಕಂತೆ ಪರಿಣಾಮವೂ ಬದಲಾಗುತ್ತದೆ, ತಪ್ಪಿದರೆ ಅಪಾಯವಿಲ್ಲ. ವಿಮಾನ ಚಾಲಕರ ತರಬೇತಿಗೆಂದು ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದ ಯಂತ್ರದ ತತ್ತ್ವವೂ ಇದೇ.

ನಮ್ಮ ಕರಾವಳಿಗೆ ಒಪ್ಪುವುದು ದೋಣಿಯ ಸಿಮ್ಯುಲೇಟರ್. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಹೂಳು, ಉಬ್ಬರವಿಳಿತ, ಗಾಳಿಯ ದಿಕ್ಕುಗಳನ್ನು ಲೆಕ್ಕಹಾಕಿ ದೋಣಿಯನ್ನು ಒಳತರುವ ಸವಾಲು ಎದುರಿದ್ದರೆ, ಬಲಗಳ ಸಂಯೋಜನೆಯೂ ಚಂದ್ರನ ಗುರುತ್ವವೂ ಬಾಯಿಪಾಠದ ಸಂಗತಿಗಳಾಗಿ ಉಳಿಯಲಾರವು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದಡದಲ್ಲಿರುವ ತಾಂಡೇಲರ (ದೋಣಿ ನಡೆಸುವ ಮುಖ್ಯಸ್ಥರ) ಅನುಭವವನ್ನು ಇದರ ರಚನೆಗೆ ಬಳಸಿಕೊಳ್ಳಬೇಕು. ತಂತ್ರಜ್ಞರಷ್ಟೇ ಕೂತು ಮಾಡಿದರೆ ಅದು ಬರೀ ವಿಡಿಯೋ ಆಟವಾದೀತು. ತಲೆಗೆ ಧರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನ ಕೆಲವರಿಗೆ ತಲೆಸುತ್ತು ತರುವುದರಿಂದ ದೊಡ್ಡ ಪರದೆಯೇ ಮೇಲು.

ಪಿಲಿಕುಳದ ವಿಜ್ಞಾನ ಕೇಂದ್ರದಲ್ಲಿ ಇಂಥದ್ದೊಂದನ್ನು ಸ್ಥಾಪಿಸಿ, ಸರ್ಕಾರಿ ಶಾಲೆಗಳ ಮಕ್ಕಳಿಗೆ ಉಚಿತ ಅವಕಾಶ ನೀಡಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಓರ್ವ ಶಿಕ್ಷಕಿ, ಮಂಗಳೂರು