ಕಲೋನ್ ಕೆಥೆಡ್ರಲ್‌ಗೆ ಅರ್ಧ ದಿನವಾದರೂ ಕೊಡಿ

ಮಾನ್ಯರೇ,

ಬೇಸಿಗೆಯ ಯುರೋಪ್ ಪ್ಯಾಕೇಜ್‌ಗಳಲ್ಲಿ ಜರ್ಮನಿಯ ಕಲೋನ್ ಕೆಥೆಡ್ರಲ್‌ಗೆ ಸಿಗುವುದು ಸಾಮಾನ್ಯವಾಗಿ ಅರ್ಧ ಗಂಟೆ. ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್‌ಗೆ ಮಾದರಿಯಾಯಿತೆಂದು ಹೇಳಲಾಗುವ ಈ ಗೋಥಿಕ್ ಕಟ್ಟಡವನ್ನು ಹಾಗೆ ಅವಸರದಲ್ಲಿ ನೋಡಿ ಬರುವುದು ದೊಡ್ಡ ನಷ್ಟ. ಟೂರ್ ಆಯೋಜಕರು ಅರ್ಧ ದಿನ ಮೀಸಲಿಡಲಿ. ಸ್ವಂತವಾಗಿ ಹೋಗುವವರಿಗೆ ಕೆಲವು ಸಂಗತಿಗಳು ತಿಳಿದಿರಲಿ.

ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲೇ ಕೆಥೆಡ್ರಲ್ ಇದೆ. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ, ನಿಲ್ದಾಣದ ಲಾಕರ್‌ನಲ್ಲಿಟ್ಟು ಹೊರಡಿ. ಬಲಿಪೂಜೆ ನಡೆಯುವಾಗ ಪ್ರವಾಸಿಗರು ಓಡಾಡುವಂತಿಲ್ಲ; ಭಾನುವಾರ ಬೆಳಿಗ್ಗೆ ಹೋಗಲೇಬೇಡಿ.

ಮೊದಲು ದಕ್ಷಿಣ ಗೋಪುರ ಹತ್ತಿ. ಟಿಕೆಟ್ ಬೇರೆ, ಮೆಟ್ಟಿಲು 533, ಲಿಫ್ಟ್ ಇಲ್ಲ. ಕಿರಿದಾದ ಸುರುಳಿ ಮೆಟ್ಟಿಲಲ್ಲೇ ಹತ್ತುವವರೂ ಇಳಿಯುವವರೂ ಒಬ್ಬರಿಗೊಬ್ಬರು ಎದುರಾಗುವುದರಿಂದ ಹೊತ್ತೇರಿದಂತೆ ಇಕ್ಕಟ್ಟು ಹೆಚ್ಚುತ್ತದೆ, ನಡುವೆ ನಿಂತು ಸುಧಾರಿಸಿಕೊಳ್ಳುವುದು ಕಷ್ಟ. ದಾರಿಯಲ್ಲಿ ಸಿಗುವ ಗಂಟೆಮನೆಯಲ್ಲಿ, 1923ರಲ್ಲಿ ಎರಕ ಹೊಯ್ದ ಸುಮಾರು 24 ಟನ್ ತೂಕದ ಸೇಂಟ್ ಪೀಟರ್ ಗಂಟೆಯ ಬಳಿ ದಣಿವಾರಿಸಿಕೊಳ್ಳಿ. ಮಂಡಿನೋವು, ಹೃದಯದ ತೊಂದರೆ ಇರುವ ಹಿರಿಯರನ್ನು ದಯವಿಟ್ಟು ಒತ್ತಾಯಿಸಬೇಡಿ.

ನಡುಮಧ್ಯಾಹ್ನಕ್ಕೆ ಒಳಗಿರಿ. ದಕ್ಷಿಣ ದಿಕ್ಕಿನ ದೊಡ್ಡ ಕಿಟಕಿಗೆ ಜರ್ಮನ್ ಕಲಾವಿದ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ರೂಪಿಸಿದ, 72 ಬಣ್ಣಗಳ ಸುಮಾರು 11,500 ಗಾಜಿನ ಚೌಕಗಳು ಬಿಸಿಲು ನೇರ ಬಿದ್ದಾಗಲೇ ಮೈದುಂಬುವುದು. ಬಲಿಪೀಠದ ಹಿಂದಿನ ಚಿನ್ನದ ಪೆಟ್ಟಿಗೆಯನ್ನು ತಪ್ಪಿಸಿಕೊಳ್ಳಬೇಡಿ. ಬಾಲಯೇಸುವನ್ನು ಕಾಣಲು ಬಂದ ಮೂವರು ಜೋಯಿಸರದೆಂದು ನಂಬಲಾದ ಅಸ್ಥಿಗಳು ಅದರಲ್ಲಿವೆ. 1164ರಲ್ಲಿ ಅವು ಮಿಲಾನ್‌ನಿಂದ ಬಂದ ಮೇಲೆ ಯಾತ್ರಿಕರ ದಟ್ಟಣೆ ಬೆಳೆದದ್ದರಿಂದಲೇ 1248ರಲ್ಲಿ ಇಷ್ಟು ದೊಡ್ಡ ಕಟ್ಟಡಕ್ಕೆ ಕೈಹಾಕಿದ್ದು. ಹದಿನಾರನೇ ಶತಮಾನದಲ್ಲಿ ನಿಂತ ಕೆಲಸ 1842ರಲ್ಲಿ ಮತ್ತೆ ಶುರುವಾಗಿ 1880ರಲ್ಲಿ ಮುಗಿಯಿತು.

ಒಳಗಿನ ಚಾವಣಿ 43 ಮೀಟರ್ ಎತ್ತರ, ಗೋಡೆಯ ಬಹುಭಾಗ ಗಾಜು. ಅಷ್ಟು ಭಾರದ ಕಲ್ಲಿನ ಚಾವಣಿ ಹೇಗೆ ನಿಂತಿದೆ ಎಂಬುದಕ್ಕೆ ಉತ್ತರ ಹೊರಗಿದೆ: ಪೂರ್ವದ ಹಿಂಬದಿಗೆ ಸುತ್ತಿ ಬಂದರೆ, ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುವ ಒತ್ತಡವನ್ನು ಸಾಲು ಸಾಲು ಆನಿಕೆ ಕಮಾನುಗಳು ಹೊತ್ತು ನೆಲಕ್ಕಿಳಿಸುವುದು ಕಾಣುತ್ತದೆ. ಬಹಳ ಮಂದಿ ಈ ಹಿಂಬದಿಗೆ ಬರುವುದೇ ಇಲ್ಲ.

ಕಟ್ಟಡ ಕಪ್ಪಾದದ್ದು ಎರಡನೇ ಮಹಾಯುದ್ಧದ ಬೆಂಕಿಯಿಂದ ಎಂಬ ಮಾತು ಪ್ರವಾಸಿಗರ ನಡುವೆ ಹಬ್ಬಿದೆ. ಬಾಂಬ್‌ಗಳು ಬಿದ್ದದ್ದು ನಿಜ, ಕಟ್ಟಡ ಉಳಿದುಕೊಂಡದ್ದೂ ನಿಜ. ಆದರೆ ಕಪ್ಪಿಗೆ ಮುಖ್ಯ ಕಾರಣ ಕಾರ್ಖಾನೆ, ರೈಲುಗಳ ಕಲ್ಲಿದ್ದಲ ಹೊಗೆ ಮತ್ತು ಅದರ ಗಂಧಕ. ಸವೆದ ಕಲ್ಲು ತೆಗೆದು ಹೊಸದು ಕೂರಿಸಿದ ಕಡೆ ಬಣ್ಣ ತಿಳಿಯಾಗಿ ಕಾಣುತ್ತದೆ. ಈ ದುರಸ್ತಿ ಎಂದೂ ನಿಲ್ಲದು, ಆದ್ದರಿಂದ ಒಂದಲ್ಲ ಒಂದು ಕಡೆ ಸಾರವೆ ಕಟ್ಟಿರುತ್ತಾರೆ. ಫೋಟೊ ಕೆಟ್ಟಿತೆಂದು ಬೇಸರಿಸುವ ಬದಲು ಹಳೆಯ, ಹೊಸ ಕಲ್ಲುಗಳನ್ನು ಹೋಲಿಸಿ ನೋಡಿ.

157 ಮೀಟರ್ ಎತ್ತರದ ಗೋಪುರಗಳು ಎದುರಿನ ಚೌಕದಿಂದ ಫೋಟೊದಲ್ಲಿ ಪೂರ್ತಿ ಹಿಡಿಯುವುದಿಲ್ಲ. ಹೊಹೆನ್‌ಝೋಲರ್ನ್ ಸೇತುವೆಯ ಕಾಲುದಾರಿಯಲ್ಲಿ ರೈನ್ ನದಿ ದಾಟಿ ಡಾಯ್ಟ್ಸ್ ದಂಡೆಗೆ ಹೋಗಬೇಕು. ಅಲ್ಲಿಂದ ಕಾಣುವುದು ಕೆಥೆಡ್ರಲ್‌ನ ಪೂರ್ವ ಬದಿ. ಅದಕ್ಕೆ ಬೆಳಗಿನ ಬಿಸಿಲು ಬೇಕು. ಮುಂಭಾಗದ ಕೆತ್ತನೆಗೆ ಸಂಜೆಬಿಸಿಲೇ ಸರಿ.

– ಓರ್ವ ಓದುಗ, ಮೈಸೂರು